ಬೋರಲು ಬಿದ್ದ ಹಾಸು

ಜನವರಿ 9, ಸೋಮವಾರ

ಪ್ರೀತಿಯ ತಮ್ಮ ಮೆರಿಲ್‌ಗೆ,

ಹೇಗಿದ್ದೀಯ? ನಿನ್ನ ಹೆಂಡತಿ ಡಾಟಿಯ ಮಂಡಿನೋವು ಈ ಚಳಿಗೆ ಹೆಚ್ಚಾಗಿರಬೇಕು, ರಾತ್ರಿ ಬಿಸಿನೀರಿನ ಚೀಲ ಇಟ್ಟುಕೊಳ್ಳಲು ಹೇಳು. ನಿನ್ನ ಎಡಗಿವಿಯ ಯಂತ್ರ ರಿಪೇರಿಯಾಗಿ ಬಂತೇ, ಇಲ್ಲ ಇನ್ನೂ ಊರಿಗೆಲ್ಲ ಕೇಳುವಂತೆ ಕೂಗಾಡುತ್ತಿದ್ದೀಯಾ? ನಿಮ್ಮ ಮುದಿ ನಾಯಿ ಟಗ್ ಮೆಟ್ಟಿಲು ಹತ್ತುತ್ತಾನೆಯೇ, ಎತ್ತಿಕೊಂಡೇ ಹೋಗಬೇಕೇ? ಇಲ್ಲಿ ನಿನ್ನ ಭಾವ ಹಾರ್ಲನ್ ಚೆನ್ನಾಗಿದ್ದಾನೆ. ಹೃದಯದ ಮಾತ್ರೆ ನುಂಗಿ, ಕಿಟಕಿಯ ಬಳಿ ಕೂತು, ತನ್ನ ಹಳೆಯ ದೋಣಿಯನ್ನು ಕೊಂಡವನು ಅದನ್ನು ಹೇಗೆ ಹಾಳು ಮಾಡುತ್ತಿದ್ದಾನೆ ಎಂದು ದಿನವೆಲ್ಲ ಬೈಯುತ್ತಾನೆ.

ಇಷ್ಟು ಬರೆದ ಮೇಲೆ ನೆನಪಾಯಿತು, ನನಗೆ ನಿನ್ನ ಮೇಲೆ ಸಿಟ್ಟಿದೆ. ಸೋಮವಾರ ಬಂದರೆ ನಿನಗೆ ಕಾಗದ ಬರೆಯುವುದು ಕೈಗೆ ರೂಢಿಯಾಗಿಬಿಟ್ಟಿದೆ. ಬರೆಯುತ್ತೇನೆ, ಆದರೆ ಅಂಚೆಗೆ ಹಾಕುವುದಿಲ್ಲ. ಈ ಪುಸ್ತಕದಲ್ಲೇ ಇರಲಿ. ಹಾಗಾದರೆ ಮನಸ್ಸಿಗೆ ಬಂದ ಹಾಗೆ ಬೈಯಬಹುದು.

ಕ್ರಿಸ್‌ಮಸ್ ಊಟದ ಹೊತ್ತಿಗೆ ನಾನು ಬಾಯಿಬಿಟ್ಟು ಹೇಳಿದೆ: ಪೋರ್ಟ್‌ಲ್ಯಾಂಡಿನ ಒಂದು ಗ್ಯಾಲರಿಯವರು ನಾನು ಮಾಡುವ ಉಣ್ಣೆಯ ನೆಲಹಾಸುಗಳನ್ನು ಮೇ ತಿಂಗಳಲ್ಲಿ ಪ್ರದರ್ಶನಕ್ಕೆ ಇಡುತ್ತಾರಂತೆ. ಅಷ್ಟು ಹೇಳಲು ನಾನು ಎರಡು ವಾರ ಧೈರ್ಯ ಕೂಡಿಸಿದ್ದೆ. ನೀನು ಆಲೂಗಡ್ಡೆ ಬಡಿಸಿಕೊಳ್ಳುತ್ತ ಮೇಜಿಗೆಲ್ಲ ಕೇಳುವಂತೆ ಏನೆಂದೆ? "ಅಕ್ಕಂಗೆ ಟೈಂಪಾಸಿಗೆ ಒಳ್ಳೇದು ಬಿಡ್ರೋ, ಅವಳ ಕೈ ಸುಮ್ನಿರಲ್ಲ." ಎಲ್ಲರೂ ನಕ್ಕರು. ನಾನೂ ಹಲ್ಲು ಬಿಟ್ಟೆ.

ಅದನ್ನಾದರೂ ನುಂಗಿಕೊಳ್ಳುತ್ತಿದ್ದೆನೋ ಏನೋ. ಹೋದ ಗುರುವಾರ ಡಾಟಿಗೆ ಕಪ್ಪೆಚಿಪ್ಪಿನ ಸಾರು ತಂದಾಗ ನಿಮ್ಮ ಅಡುಗೆಮನೆಯ ಬಾಗಿಲಲ್ಲಿ ಕಂಡದ್ದನ್ನು ಹೇಗೆ ನುಂಗಲಿ? 'ಅಪ್ಪನ ದೋಣಿ'. ನಿನ್ನ ಅರವತ್ತಕ್ಕೆ ಅಪ್ಪನದೇ ಬೂದು ಕೋಟನ್ನು ಕತ್ತರಿಸಿ ಮಾಡಿಕೊಟ್ಟ ಹಾಸು. ಅದು ಹಳೇ ಗೋಣಿಚೀಲದ ಹಾಗೆ ಬೋರಲು ಬಿದ್ದಿತ್ತು. ದೋಣಿ ನೆಲಕ್ಕೆ, ಬೆನ್ನು ಮೇಲಕ್ಕೆ, ಬೆನ್ನ ಮೇಲೆ ನಾಯಿಯ ಹೆಜ್ಜೆ! ನೀನು ಕಾಫಿ ಕುಡಿ ಎಂದೆ. ನಾನು ಶಾಲೆಯ ಬಸ್ಸು ಓಡಿಸುವ ಹೊತ್ತಾಯಿತು ಎಂದೆ. ಬಸ್ಸಿಗೆ ಇನ್ನೂ ಬೇಕಾದಷ್ಟು ಹೊತ್ತಿತ್ತು.

ಜನವರಿ 18, ಬುಧವಾರ

ಗ್ಯಾಲರಿಯ ಪೆಟ್ರಾ ಫೋನ್ ಮಾಡಿದ್ದಳು. ಒಳ್ಳೆಯ ಹುಡುಗಿ, ಮಾತಿನ ಕೊನೆಗೆ ಒಂದು ಕೊಕ್ಕೆ ಇರುತ್ತದೆ ಅಷ್ಟೆ.

"ವರ್ನಾ, ಇರೋ ಹಾಸುಗಳು ತುಂಬಾ ಚೆನ್ನಾಗಿವೆ. ಆದ್ರೆ ಎದುರು ಗೋಡೆಗೆ ಒಂದು ದೊಡ್ಡದು ಬೇಕು. ಏಪ್ರಿಲ್ ಕೊನೇ ಒಳಗೆ ಕೊಡಬಹುದಾ? ಮತ್ತೆ, ಯಾರೂ ತುಳಿದಿರಬಾರದು, ದಯವಿಟ್ಟು."

"ನೆಲಹಾಸು ಅಲ್ವಾ ಪೆಟ್ರಾ, ತುಳೀದೆ ಇನ್ನೇನ್ ಮಾಡ್ತಾರೆ?"

"ನೋಡ್ತಾರೆ," ಅಂದಳು.

ಮಾರಾಟವಾದದ್ದರಲ್ಲಿ ಅರ್ಧ ಅವರಿಗೆ. ಅರ್ಧ! ಆ ಮಾತು ಕೇಳಿ ಹಾರ್ಲನ್ ಎದ್ದು ಕೂತ. "ಏಡಿ ಕೊಳ್ಳೋ ದಲ್ಲಾಳೀನೂ ಅಷ್ಟು ಮುರ್ಕೊಳ್ತಿರ್ಲಿಲ್ಲ ಕಣೇ," ಎಂದ. ನನಗೂ ಉರಿಯಿತು. ಆದರೂ ಒಪ್ಪಿಕೊಂಡೆ. ಇಷ್ಟು ವರ್ಷ ಚರ್ಚಿನ ಲಾಟರಿಗೆ, ಅಗ್ನಿಶಾಮಕದವರು ಚಂದಾ ಎತ್ತುವ ಬೀನ್ಸ್ ಊಟಕ್ಕೆ, ಯಾರದೋ ಮನೆ ಸುಟ್ಟದ್ದಕ್ಕೆ ಎಂದು ಬಿಟ್ಟಿ ಕೊಟ್ಟೇ ಬಂದಿದ್ದೇನೆ. ಆ ಲೆಕ್ಕದಲ್ಲಿ ಅರ್ಧವೂ ಸಿರಿಯೇ.

ಹೊತ್ತಿನ ಚಿಂತೆಯಿಲ್ಲ. ಬೆಳಗಿನ ಟ್ರಿಪ್ಪು ಮುಗಿಸಿ ಒಂಬತ್ತಕ್ಕೆ ಮನೆಗೆ ಬಂದರೆ ಮಧ್ಯಾಹ್ನ ಎರಡರವರೆಗೆ ನನ್ನದೇ ರಾಜ್ಯ. ಕೆಲಸಕ್ಕೆ ಹೋಗಿ ಬಂದು ಕಿಟಕಿಯ ಬೆಳಕಿನಲ್ಲಿ ಹಾಸು ಬಿಗಿದ ಚೌಕಟ್ಟಿನ ಮುಂದೆ ಕೂತರೆ ಬಸ್ಸಿನ ಕುಲುಕಾಟವೆಲ್ಲ ಮೈಯಿಂದ ಇಳಿಯುತ್ತದೆ.

ಜನವರಿ 27, ಶುಕ್ರವಾರ

ಡ್ವೇನ್ ನಮ್ಮನ್ನೆಲ್ಲ ಬಸ್ ಶೆಡ್ಡಿಗೆ ಕರೆದ. ಚಿಕ್ಕವನಿದ್ದಾಗ ನನ್ನ ಬಸ್ಸಿನ ಮೂರನೇ ಸೀಟಿನಲ್ಲಿ ಕೂತು ವಾಂತಿ ಮಾಡಿಕೊಳ್ಳುತ್ತಿದ್ದವನು ಈಗ ಸಾರಿಗೆ ಮುಖ್ಯಸ್ಥ. ಫೆಬ್ರವರಿ ರಜೆ ಮುಗಿದ ಮೇಲೆ ಶಿಶುವಿಹಾರದ ಮಕ್ಕಳಿಗೆ ಮಧ್ಯಾಹ್ನ ಬೇರೆ ಟ್ರಿಪ್ಪು. ಅರ್ಧ ಮಕ್ಕಳನ್ನು ಮನೆಗೆ ಬಿಡುವುದು, ಇನ್ನರ್ಧವನ್ನು ಶಾಲೆಗೆ ತರುವುದು. ಊರೆಲ್ಲ ಸುತ್ತಿ ಬರುವಷ್ಟರಲ್ಲಿ ಸಂಜೆಯ ಟ್ರಿಪ್ಪಿನ ಹೊತ್ತಾಗುತ್ತದೆ.

"ಬೇರೆ ಯಾರ್ಗಾದ್ರೂ ಕೊಡು ಡ್ವೇನಾ. ಮಧ್ಯಾಹ್ನ ನಂಗೆ ಬೇಕು," ಎಂದೆ.

"ನಿಮ್ಗೇ ಕೊಡ್ಬೇಕು ಅಂತ ಮೇಲಿನೋರು ಹೇಳಿದಾರೆ. ಎಲ್ಲಾರ್ಗಿಂತ ಹಳಬರು ನೀವು. ಮತ್ತೆ..." ಅವನು ತಲೆ ತುರಿಸಿಕೊಂಡ. "ಹೊಸ ನಿಯಮ ಬಂದಿದೆ. ಮಧ್ಯಾಹ್ನದ್ದೂ ಓಡಿಸ್ದೇ ಇದ್ರೆ ಪೂರ್ತಿ ಕೆಲಸ ಅಂತ ಲೆಕ್ಕಕ್ಕಿಲ್ಲ. ಶಾಲೆ ಕೊಡೋ ಆರೋಗ್ಯ ವಿಮೆ ಹೋಗುತ್ತೆ."

ವಿಮೆ ಎಂದರೆ ಹಾರ್ಲನ್‌ನ ಮಾತ್ರೆ, ಹಾರ್ಲನ್‌ನ ಡಾಕ್ಟರು, ಎರಡು ವರ್ಷದ ಹಿಂದೆ ಅವನ ಎದೆಯೊಳಗೆ ಇಟ್ಟ ಆ ತಂತಿಯ ಕೊಳವೆ. ಡ್ವೇನ್‌ಗೆ ಅದು ಗೊತ್ತು. ಇಡೀ ಊರಿಗೆ ಗೊತ್ತು.

"ಇಷ್ಟು ವರ್ಷ ಲೆಕ್ಕಕ್ಕಿದ್ದ ಕೆಲಸ ಫೆಬ್ರವರಿಯಿಂದ ಹೆಂಗೋ ಲೆಕ್ಕಕ್ಕಿಲ್ಲದ ಹಾಗಾಗುತ್ತೆ?"

"ನಾನೇನ್ ಮಾಡ್ಲಿ ವರ್ನಾ. ಹೇಗೂ ಮಧ್ಯಾಹ್ನ ನೀವು ಮನೇಲಿ ಸುಮ್ನೆ ಕೂತಿರ್ತೀರಲ್ಲ."

ಸುಮ್ಮನೆ! ವಾಪಸು ಬರುವಾಗ ಒಂದು ಗುಂಡಿಯನ್ನೂ ತಪ್ಪಿಸಲಿಲ್ಲ. ಬಸ್ಸು ಅವರದು, ಕುಲುಕಲಿ ಎಂದು.

ಜನವರಿ 28, ಶನಿವಾರ

ಹಾರ್ಲನ್‌ಗೆ ಹೇಳಿದೆ. "ನನ್ ಮಾತ್ರೆ ನೋಡ್ಕೊಂಡು ನಿನ್ನ ಹಾಸು ಬಿಡ್ಬೇಡ," ಎಂದ. ಹಾಗೆನ್ನುವುದು ಸುಲಭ. ಮಾತ್ರೆ ಬಿಟ್ಟರೆ ಹಾಸನ್ನು ಯಾರಿಗೆ ತೋರಿಸಲಿ? ಎದ್ದು ಹೋಗಿ ಬೀನ್ಸ್ ಬೇಯಲು ಇಟ್ಟೆ. ಉಪ್ಪು ಎರಡು ಸಲ ಹಾಕಿದೆ.

ಫೆಬ್ರವರಿ 5, ಭಾನುವಾರ

ಪೆಟ್ರಾಗೆ ಎರಡು ಪುಟ ಬೇಕಂತೆ, 'ನಿಮ್ಮ ಪರಂಪರೆಯ ಬಗ್ಗೆ'. ನನ್ನ ಓದು ಎಂಟನೇ ತರಗತಿಗೇ ನಿಂತದ್ದು. ಆದರೆ ಕಾಗದ ಬರೆಯಲು ಬರುತ್ತದೆ, ಇದೂ ಹಾಗೇ ಎಂದುಕೊಂಡು ಬರೆದೆ.

ಅಮ್ಮನ ಬಗ್ಗೆ ಬರೆದೆ. ಗೋಣಿತಟ್ಟನ್ನು ಚೌಕಟ್ಟಿಗೆ ಬಿಗಿದು, ಹಳೇ ಉಣ್ಣೆ ಬಟ್ಟೆಯ ಪಟ್ಟಿಗಳನ್ನು ಕೊಕ್ಕೆಯಿಂದ ಕೆಳಗಿನಿಂದ ಮೇಲಕ್ಕೆ ಎಳೆದು ಎಳೆದು ಚಿತ್ರ ತುಂಬುತ್ತಿದ್ದಳು. ಅಡುಗೆಮನೆಯಲ್ಲಿ ಹೂವಿನದೊಂದು, ಹಡಗಿನದೊಂದು. ವಾರವೆಲ್ಲ ಅವು ಬೋರಲು. ಬೂಟಿನ ಕೆಸರು, ಮೀನಿನ ನೀರು ಬಿದ್ದರೆ ಬೆನ್ನಿಗೆ ಬೀಳಲಿ ಎಂದು. ಶನಿವಾರ ರಾತ್ರಿ ನೆಲ ಒರೆಸಿದ ಮೇಲೆ ಅಂಗಾತ ಮಗುಚುತ್ತಿದ್ದಳು, ಭಾನುವಾರ ಪಾದ್ರಿ ಬಂದರೆ ಹೂವು ಕಾಣಲಿ ಎಂದು. ಸೋಮವಾರ ಬೆಳಿಗ್ಗೆ ಮತ್ತೆ ಬೋರಲು. ಒಂದು ಭಾನುವಾರ ಹಾಸು ತುಳಿದ ಮೆರಿಲ್‌ನ ಬೆನ್ನಿಗೆ ಬಿದ್ದ ಸೌಟಿನ ಏಟನ್ನೂ ಬರೆದೆ. ಆಮೇಲೆ ಅದನ್ನು ಹೊಡೆದುಹಾಕಿದೆ, ಅವನ ಹೆಸರು ಪೋರ್ಟ್‌ಲ್ಯಾಂಡಿನಲ್ಲಿ ಯಾಕೆ ಬೇಕು?

ಬರೆದ ಹುರುಪಿನಲ್ಲಿ ಮನೆಯ ಹಾಸುಗಳನ್ನೆಲ್ಲ ನೆಲದಿಂದ ಎತ್ತಿ, ಝಾಡಿಸಿ, ಗೋಡೆಗೆ ಮೊಳೆ ಹೊಡೆದು ತೂಗುಹಾಕಿದೆ. ಅಮ್ಮನ ಹೂವಿನದನ್ನೂ. ಹಾರ್ಲನ್ ಬರಿಯ ಹಲಗೆ ನೆಲದ ಚಳಿಗೆ ಕುಂಟುತ್ತ ಬಂದು ನೋಡಿದ.

"ನನ್ ಕಾಲಿಗೆ ಏನ್ ಮಾಡ್ಲಿ?"

"ದಪ್ಪ ಕಾಲುಚೀಲ ಹಾಕ್ಕೋ."

"ಗೋಡೆಗೆ ಚಳಿ ಆಗ್ತಿತ್ತಾ ಪಾಪ," ಎಂದ.

ಮೆರಿಲ್‌ನಿಂದ ಕಾಗದ ಬಂದಿದೆ. ಹಿಮ, ನಾಯಿ, ಡಾಟಿಯ ಮಂಡಿಗೆ ಆಪರೇಷನ್ ಆಗಬೇಕಂತೆ. ಕೊನೆಗೆ, 'ಯಾಕಕ್ಕ ಕಾಗದವಿಲ್ಲ?' ಯಾಕೋ ನೀನೇ ಯೋಚಿಸು.

ಫೆಬ್ರವರಿ 22, ಬುಧವಾರ

ಶಾಲೆಗೆ ರಜೆ. ಇಡೀ ದಿನ ನನ್ನದು! ದೊಡ್ಡ ಹಾಸನ್ನು ಶುರು ಮಾಡಿದ್ದೇನೆ. ಬೆಳಗಿನ ಜಾವ, ಸಮುದ್ರದ ಇಳಿತದ ಕೆಸರು ಬಯಲು, ಅದರ ಮುಂದೆ ರಸ್ತೆಯ ಅಂಚಿಗೆ ಬಸ್ಸಿಗೆ ಕಾಯುತ್ತ ನಿಂತ ಮಕ್ಕಳ ಸಾಲು. ಒಂದೊಂದು ಮಗುವಿನ ಕೋಟಿಗೆ ಒಂದೊಂದು ನಿಜವಾದ ಕೋಟು. ನನ್ನ ಬಸ್ಸಿನ ಮಕ್ಕಳೇ ಚಿಕ್ಕದಾದ ಉಣ್ಣೆ ಕೋಟುಗಳನ್ನು ಚೀಲದಲ್ಲಿ ತಂದು ಕೊಡುತ್ತಾರೆ, 'ಅಮ್ಮ ಕೊಟ್ಟಳು' ಎಂದು. ಬಯಲಿನ ಬೂದು ಬಣ್ಣ ಸಿಗದೆ ಒದ್ದಾಡುತ್ತಿದ್ದೆ. ಆರೂಮುಕ್ಕಾಲಿಗೆ ಕೊನೆಯ ತಿರುವಿನಲ್ಲಿ ದಿನಾ ಕಾಣುವ ಬೂದು ಅದು, ಸ್ವಲ್ಪ ನೇರಳೆ ಸೇರಿದ್ದು. ಇವತ್ತು ಉಣ್ಣೆಗೆ ಬಣ್ಣ ಕುದಿಸುವ ಪಾತ್ರೆಯಲ್ಲಿ ಬಂತು. ಕೂಗಿಕೊಂಡೆ. ನಾನು ಕೈ ಸುಟ್ಟುಕೊಂಡೆನೆಂದು ಹಾರ್ಲನ್ ಓಡಿ ಬಂದ. ಓಡಬಾರದು ಎಂದು ಅವನನ್ನೇ ಬೈದೆ.

ಈ ಬಸ್ಸು ಒಂದಿಲ್ಲದಿದ್ದರೆ ನಾನು ಏನೇನು ಮಾಡಬಹುದಿತ್ತು!

ಫೆಬ್ರವರಿ 27, ಸೋಮವಾರ

ಮಧ್ಯಾಹ್ನದ ಟ್ರಿಪ್ಪು ಶುರುವಾಯಿತು. ಏನೂ ಬರೆಯಲಾರೆ.

ಮಾರ್ಚ್ 3, ಶುಕ್ರವಾರ

ಶಿಶುವಿಹಾರದ ಮಕ್ಕಳು ಬೂಟು, ಕೈಗವಸು, ಟೋಪಿ ಹಾಕಿಕೊಂಡು ಹೊರಬರುವುದಕ್ಕೆ ಒಂದು ಯುಗ ಬೇಕು. ಆ ಹೊತ್ತಿನಲ್ಲಿ ಎಂಜಿನ್ ಆರಿಸಿ, ಸಣ್ಣ ಚೌಕಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಒಂದು ಕೋಟಿನ ತೋಳನ್ನು ತುಂಬುತ್ತಿದ್ದೆ. ಯಾರೋ ಕಂಡು ದೂರು ಹೇಳಿದ್ದಾರೆ. ಡ್ವೇನ್ ಬಂದ.

"ಡ್ಯೂಟಿ ಹೊತ್ತಲ್ಲಿ ಸ್ವಂತದ್ದು ಮಾಡ್ಬಾರ್ದು ವರ್ನಾ."

"ರಾಸ್ಕೋ ಅಲ್ಲಿ ಬಸ್ಸಲ್ಲಿ ಕೂತು ಗೊರಕೆ ಹೊಡೀತಿದಾನಲ್ಲ, ಅದು ಶಾಲೇದಾ?"

ರಾಸ್ಕೋ ಪಕ್ಕದ ಬಸ್ಸಿನವನು, ಸಾಧು. ಕಿಟಕಿ ಇಳಿಸಿ, "ನನ್ನ ಯಾಕಮ್ಮ ಎಳೀತೀಯಾ?" ಎಂದ.

"ನಿದ್ದೆಗೆ ನಿಯಮ ಇಲ್ಲ," ಡ್ವೇನ್ ಅಂದ. ನಿಜಕ್ಕೂ ಹಾಗೇ ಅಂದ. ಮಲಗಿದರೆ ತಪ್ಪಿಲ್ಲ, ಕೈ ಆಡಿಸಿದರೆ ತಪ್ಪು! ಇಂಥ ಮಾತನ್ನು ಎಲ್ಲಿ ಹೋಗಿ ಹೇಳಲಿ? ಮೆರಿಲ್‌ಗಾದರೆ ಹೇಳುತ್ತಿದ್ದೆ. ಅವನು ಬಿದ್ದು ಬಿದ್ದು ನಗುತ್ತಿದ್ದ.

ಮಾರ್ಚ್ 9, ಗುರುವಾರ

ಶಾಲಾ ಮಂಡಳಿಯಿಂದ ಕಾಗದ ಬಂದಿದೆ. ಶಾಲೆಯ ಹೊಸ ಮುಂಭಾಗದ ಹಜಾರಕ್ಕೆ 'ನಮ್ಮ ಊರಿನ ಹೆಮ್ಮೆಯ ಕಲಾವಿದೆ' ಒಂದು ದೊಡ್ಡ ಹಾಸನ್ನು ಉಡುಗೊರೆಯಾಗಿ ಕೊಡಬೇಕಂತೆ. ಗೋಡೆಯ ಮೇಲೆ ನನ್ನ ಹೆಸರಿನ ಹಿತ್ತಾಳೆ ಫಲಕ ಹಾಕಿಸುತ್ತಾರಂತೆ. 'ಇದರಿಂದ ನಿಮಗೂ ಒಳ್ಳೆಯ ಪ್ರಚಾರ ಸಿಗುತ್ತದೆ.'

ಇದೇ ಮಂಡಳಿ ನನ್ನ ಮಧ್ಯಾಹ್ನವನ್ನು ಕಿತ್ತುಕೊಂಡದ್ದು. ಕಿತ್ತುಕೊಂಡ ಕೈಯಲ್ಲೇ ಕಾಗದ ಬರೆದು, ಆ ಮಧ್ಯಾಹ್ನದಲ್ಲಿ ಮಾಡುವುದನ್ನು ಬಿಟ್ಟಿ ಕೊಡು ಎಂದು ಕೇಳುತ್ತಾರೆ! ಹೆಸರಿನ ಫಲಕವನ್ನು ಔಷಧಿ ಅಂಗಡಿಯಲ್ಲಿ ತೋರಿಸಿದರೆ ಮಾತ್ರೆ ಕೊಡುತ್ತಾರೆಯೇ?

ಹಾರ್ಲನ್ ಓದಿ, ಮಡಿಸಿ, "ಬುಧವಾರ ಅವರ ಸಭೆ ಇದೆ. ಯಾರು ಬೇಕಾದ್ರೂ ಎದ್ದು ಮಾತಾಡಬಹುದು," ಎಂದ.

"ನಾನಾ? ಅಷ್ಟು ಜನರ ಮುಂದೆ?"

"ದಿನಾ ಅರವತ್ತು ಹುಡುಗ್ರನ್ನ ಒಂದೇ ಮಾತಿಗೆ ಕೂರಿಸ್ತೀಯ. ಅವ್ರು ಏಳೇ ಜನ."

ಮಾರ್ಚ್ 15, ಬುಧವಾರ

ನಿನ್ನೆಯ ಹಿಮ ಇನ್ನೂ ಮೊಳಕಾಲುದ್ದ ಇದೆ. ಸಭೆ ಮುಂದೆ ಹೋಗುತ್ತದೆಂದು ಒಳಗೊಳಗೇ ಆಸೆಪಟ್ಟಿದ್ದೆ. ಹೋಗಲಿಲ್ಲ.

ಶಾಲೆಯ ಊಟದ ಕೋಣೆ. ಮಡಚುವ ಮೇಜಿನ ಹಿಂದೆ ಏಳು ಜನ, ಅವರಲ್ಲಿ ಮೂವರು ನನ್ನ ಬಸ್ಸಿನಲ್ಲೇ ಬೆಳೆದವರು. ನನ್ನ ಹೆಸರು ಕರೆದರು. ಎದ್ದೆ. ಆ ಕಾಗದ ಕೈಯಲ್ಲಿತ್ತು.

"ಈ ಹೊಸ ಹಜಾರಕ್ಕೆ ದೀಪ ಹಾಕಿದವನು ಬಿಟ್ಟಿ ಹಾಕಿದ್ನಾ?" ಎಂದು ಕೇಳಿದೆ.

ಅಧ್ಯಕ್ಷೆ ಕನ್ನಡಕ ತೆಗೆದಳು. "ಏನಂದ್ರಿ?"

"ನಲ್ಲಿ ಜೋಡಿಸಿದವನಿಗೆ ಹಿತ್ತಾಳೆ ಫಲಕ ಹಾಕಿದ್ರಾ? ಇಲ್ಲ, ದುಡ್ಡು ಕೊಟ್ರಿ. ಕೊಡ್ಲೇಬೇಕು, ಅದು ಅವನ ಕೆಲಸ. ನನ್ನದು ಏನು ಹಾಗಾದ್ರೆ? ತಿಂಗಳುಗಟ್ಟಲೆ ಬೆನ್ನು ಬಗ್ಗಿಸಿದ್ರೆ ಒಂದು ಹಾಸು. ಮಧ್ಯಾಹ್ನ ನಾನು ಸುಮ್ನೆ ಕೂತಿರ್ತೀನಿ ಅಂತ ಕಿತ್ಕೊಂಡ್ರಿ. ಸುಮ್ನೆ ಕೂತವಳ ಹತ್ರ ಈಗ ಹಾಸು ಯಾಕೆ ಕೇಳ್ತೀರಿ?"

"ವರ್ನಾ, ಇದು ಊರಿನ ಹೆಮ್ಮೆಯ ವಿಷಯ..."

"ಹೆಮ್ಮೆ ನಿಮ್ಮದು. ಹೆಬ್ಬೆರಳಿನ ಬೊಬ್ಬೆ ನಂದು."

ಹಿಂದಿನಿಂದ ಯಾರೋ ಚಪ್ಪಾಳೆ ತಟ್ಟಿದರು. ರಾಸ್ಕೋ. ಅವನೇ ಎದ್ದು ನಿಂತು, ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತ, "ನಂಗೂ ಗಂಟೆ ಕಡಿಮೆಯಾಗಿ ವಿಮೆ ಹೋಗಿದೆ. ಆ ಮಧ್ಯಾಹ್ನದ್ದನ್ನ ನಮ್ಮಿಬ್ಬರ್ಗೂ ಹಂಚಿ. ನಾನು ಎಚ್ಚರಾಗಿರ್ತೀನಿ ಬೇಕಾದ್ರೆ," ಎಂದ. ಎಲ್ಲರೂ ನಕ್ಕರು. ಡ್ವೇನ್ ಕೂಡ.

ಹಾಸು ಕೊಡುವುದಿಲ್ಲ ಎಂದು ಸ್ಪಷ್ಟವಾಗಿ ಹೇಳಿ ಕೂತೆ.

ಮಾರ್ಚ್ 17, ಶುಕ್ರವಾರ

ಮೂರು ದಿನ ನಾನು, ಎರಡು ದಿನ ರಾಸ್ಕೋ. ಅಷ್ಟಕ್ಕೇ ಇಬ್ಬರದೂ ಪೂರ್ತಿ ಕೆಲಸದ ಲೆಕ್ಕಕ್ಕೆ ಬಂದು ವಿಮೆ ಸಿಗುತ್ತದಂತೆ. ಮೊದಲೇ ಹೀಗೆ ಮಾಡಲು ಏನು ಅಡ್ಡಿಯಿತ್ತು ಎಂದು ಡ್ವೇನ್‌ನನ್ನು ಕೇಳಿದೆ. "ಯಾರೂ ಕೇಳಿರ್ಲಿಲ್ಲ," ಎಂದ. ಅವನನ್ನು ಅಲ್ಲೇ ಹಿಮದ ಗುಡ್ಡೆಯೊಳಗೆ ನೂಕಬೇಕೆನ್ನಿಸಿತು.

ಮಂಗಳವಾರ, ಗುರುವಾರ ನನ್ನವು. ಮೊದಲಿದ್ದದ್ದರಲ್ಲಿ ಅರ್ಧವೂ ಅಲ್ಲ.

ಮಾರ್ಚ್ 26, ಭಾನುವಾರ

ಆಗುವುದಿಲ್ಲ. ಬಸ್ಸು ಬಿಟ್ಟು ಬಂದು ಕೆಲಸಕ್ಕೆ ಕೂತರೆ ಕೊಕ್ಕೆ ಹಿಡಿಯುವ ಮೊದಲು ಕತ್ತರಿ ಹಿಡಿಯಬೇಕು. ಕೋಟು ಬಿಚ್ಚಿ, ಬಿಸಿನೀರಲ್ಲಿ ಒಗೆದು, ಒಣಗಿಸಿ, ಹುಲ್ಲಿನ ಅಗಲಕ್ಕೆ ಪಟ್ಟಿ ಪಟ್ಟಿಯಾಗಿ ಕತ್ತರಿಸುವುದರಲ್ಲೇ ಮಂಗಳವಾರ ಹೋಯಿತು, ಗುರುವಾರವೂ ಹೋಯಿತು. ಹೆಬ್ಬೆರಳು ಬಾತಿದೆ. ಸಾಲಿನ ಅರ್ಧ ಮಕ್ಕಳಿಗೆ ಇನ್ನೂ ಕಾಲಿಲ್ಲ, ರಸ್ತೆಯೇ ಇಲ್ಲ.

ಪಕ್ಕದ ಮನೆಯವಳನ್ನು ಕತ್ತರಿಸಲು ಕರೆಯಲೇ ಎಂದು ಪೆಟ್ರಾಳನ್ನು ಕೇಳಿದ್ದೆ. "ಒಂದೇ ಕೈಯಿಂದ ಆದದ್ದು ಅನ್ನೋದೇ ಇದರ ಬೆಲೆ ವರ್ನಾ," ಎಂದಳು. ಒಂದೇ ಕೈ ಬಾತುಕೊಂಡರೆ ಅದರ ಬೆಲೆ ಎಷ್ಟು ಎಂದು ಕೇಳಬೇಕಿತ್ತು, ಕೇಳಲಿಲ್ಲ. ಮಂಡಳಿಯ ಮುಂದೆ ಬಂದ ಬಾಯಿ ಪೆಟ್ರಾ ಮುಂದೆ ಯಾಕೆ ಬರುವುದಿಲ್ಲವೋ.

ಹಾರ್ಲನ್ ಕಾಫಿ ಲೋಟ ಹಿಡಿದು ಚೌಕಟ್ಟಿನ ಹತ್ತಿರ ಬಂದ. "ದೂರ ನಿಲ್ಲು! ಚೆಲ್ಲುತ್ತೆ!" ಎಂದು ಚೀರಿದೆ. ಅವನು ಗೋಡೆಯ ಮೇಲಿನ ಹಾಸುಗಳನ್ನೂ ಬರಿಯ ನೆಲವನ್ನೂ ನೋಡಿ, ಹೋಗಿ ಮಲಗಿದ. ದೊಡ್ಡದು ಆಗುವುದಿಲ್ಲ ಎಂದು ನಾಳೆ ಪೆಟ್ರಾಗೆ ಬರೆದುಬಿಡುತ್ತೇನೆ. ಟೈಂಪಾಸ್ ಎಂದವನೇ ಗೆದ್ದ.

ಏಪ್ರಿಲ್ 2, ಭಾನುವಾರ

ಪೆಟ್ರಾಗೆ ಬರೆಯಲಿಲ್ಲ. ಬರೆಯಬೇಕೆಂದು ವಾರವೆಲ್ಲ ಅಂದುಕೊಂಡೆ. ಅಷ್ಟರಲ್ಲಿ ಡಾಟಿಗೆ ಮಂಡಿಯ ಆಪರೇಷನ್ ಆಗಿ ಮನೆಗೆ ಬಂದಳು. ಹೋಗದೆ ಇರಲು ಆಗುವುದಿಲ್ಲ ಎಂದು ಹಾರ್ಲನ್ ಹಟ ಹಿಡಿದ. ಚರ್ಚ್ ಮುಗಿಸಿ ಕಾಕಂಬಿ ಬಿಸ್ಕತ್ತು ಕಟ್ಟಿಕೊಂಡು ಹೊರಟೆವು. ದಾರಿಯುದ್ದಕ್ಕೂ ಕೆಸರು. ಮೆರಿಲ್‌ಗೆ ಹೇಳಬೇಕಾದದ್ದನ್ನೆಲ್ಲ ಮನಸ್ಸಿನಲ್ಲಿ ಸಾಲಾಗಿ ಜೋಡಿಸಿಕೊಂಡಿದ್ದೆ.

ಅಡುಗೆಮನೆಯ ಬಾಗಿಲು ತೆರೆದೆ. ಒಳಗಿನಿಂದ ಅವನ ಕೂಗು.

"ಅಕ್ಕಾ! ಬೂಟು! ಬೂಟು ಬಿಡು ಅಲ್ಲೇ! ಹಾಸು ಮಗುಚಿದೀನಿ!"

ಕೆಳಗೆ ನೋಡಿದೆ. 'ಅಪ್ಪನ ದೋಣಿ' ಅಂಗಾತ ಇತ್ತು. ಬೂದು ಕೋಟಿನ ದೋಣಿ, ಅದರ ಕೆಂಪು ಅಂಚು, ನೀರು. ಕೊಟ್ಟ ದಿನ ಹೇಗಿತ್ತೋ ಹಾಗೇ, ಒಂದು ಕಲೆಯಿಲ್ಲದೆ. ಮೆರಿಲ್ ಕಾಲುಚೀಲದಲ್ಲಿ ಅದರ ಅಂಚಿನಲ್ಲೇ ಗೋಡೆ ಹಿಡಿದು ಬಳಸಿಕೊಂಡು ಬಂದ. ಆ ಮುದಿ ನಾಯಿಯೂ ಅದರ ಆಚೆಗೇ ನಿಂತು ಬಾಲ ಆಡಿಸುತ್ತಿತ್ತು, ತುಳಿಯಲಿಲ್ಲ.

ಡಾಟಿ ಕುರ್ಚಿಯಲ್ಲಿ ಕಾಲು ಚಾಚಿಕೊಂಡು ಕೂತಿದ್ದಳು. "ಶನಿವಾರ ರಾತ್ರಿ ಮಗುಚ್ಬೇಕು, ಸೋಮವಾರ ಬೆಳಿಗ್ಗೆ ಬೋರಲು ಹಾಕ್ಬೇಕು. ನನ್ ಮಂಡಿ ಮುರಿದ್ರೂ ಅದು ತಪ್ಪಬಾರ್ದು. ಅತ್ತೆ ಮಾಡ್ತಿದ್ರಂತೆ. ಐದು ವರ್ಷ ಆಯ್ತು, ಈ ಮನೇಲಿ ನನಗಿಂತ ಅದಕ್ಕೇ ಆರೈಕೆ ಜಾಸ್ತಿ."

ಇದನ್ನೇ ನಾನು ಫೆಬ್ರವರಿಯಲ್ಲಿ ಪೆಟ್ರಾಗೆ ಎರಡು ಪುಟ ಬರೆದು ಕಳಿಸಿದ್ದೆ. ನನ್ನ ಕೈಯಿಂದಲೇ. ಹೋದ ಸಲ ಬಂದದ್ದು ಗುರುವಾರ.

ಬೂಟು ಬಿಟ್ಟು ನಾನೂ ಗೋಡೆ ಹಿಡಿದು ಬಳಸಿ ಹೋದೆ.

ಬಿಸ್ಕತ್ತು ತಿನ್ನುವಾಗ ಕ್ರಿಸ್‌ಮಸ್ಸಿನ ಆ ಮಾತನ್ನು ಮಾತ್ರ ಬಿಡಲಿಲ್ಲ. "ಟೈಂಪಾಸ್ ಅಂದ್ಯಲ್ಲೋ, ಎಲ್ಲಾರ ಮುಂದೆ!" ಎಂದು ಅವನ ಒಳ್ಳೆಯ ಕಿವಿಗೆ ಕೂಗಿದೆ.

"ಅಂದ್ನಾ?" ಅವನು ಹೆಂಡತಿಯ ಕಡೆ ತಿರುಗಿದ. "ನಾನು ಮಾತಾಡೋದು ನಂಗೇ ಕೇಳಿಸಲ್ಲ, ಏನಂದ್ನೋ."

"ಅಂದ್ರಿ," ಡಾಟಿ ಕೂಗಿದಳು. "ನಾನು ಮೇಜಿನ ಕೆಳಗೆ ಒದ್ದೆ."

"ಅದಕ್ಕೇ ಒದ್ಯಾ? ನಾನು ಉಪ್ಪು ಕೇಳ್ತಿದೀಯ ಅಂದ್ಕೊಂಡೆ." ಆಮೇಲೆ ನನ್ನ ಕೈ ಹಿಡಿದು ಹೆಬ್ಬೆರಳಿಗೆ ಸುತ್ತಿದ ಬಟ್ಟೆ ನೋಡಿದ. "ಇದೇನು?"

"ಕತ್ತರಿ."

"ನೀನ್ಯಾಕೆ ಕತ್ತರಿಸ್ತೀಯ? ಅಮ್ಮ ಯಾವತ್ತಾದ್ರೂ ಕತ್ತರಿ ಮುಟ್ಟಿದ್ಲಾ? ನಾನಲ್ವಾ ಕತ್ತರಿಸ್ತಿದ್ದಿದ್ದು, ಮೇಜಿನ ಕೆಳಗೆ ಕೂತು?" ಎದ್ದು ಹೋಗಿ ಡ್ರಾಯರಿನಿಂದ ಅಮ್ಮನ ಕಪ್ಪು ಹಿಡಿಯ ಕತ್ತರಿಯನ್ನು ತಂದು ಮೇಜಿನ ಮೇಲೆ ಇಟ್ಟ. ಅದು ಅವನ ಬಳಿ ಇದೆಯೆಂದೇ ನನಗೆ ಗೊತ್ತಿರಲಿಲ್ಲ. ಸಾಣೆ ಹಿಡಿದು ಹೊಳೆಯುತ್ತಿತ್ತು. "ಎಷ್ಟು ಅಗಲ ಬೇಕು?"

ಕಾರಿನಲ್ಲಿ ಮಕ್ಕಳ ಕೋಟುಗಳ ಎರಡು ಚೀಲ ಇದ್ದವು. ಹಾರ್ಲನ್ ಆಗಲೇ ಅವುಗಳನ್ನು ಒಳಗೆ ತಂದು ನಿಲ್ಲಿಸಿದ್ದ. ಅವನು ಯಾವಾಗ ಎದ್ದು ಹೋದನೋ ನೋಡಲಿಲ್ಲ.

ಏಪ್ರಿಲ್ 13, ಗುರುವಾರ

ರಸ್ತೆ ಆಯಿತು. ಕಾಲುಗಳೂ ಆದವು. ಕೆಸರು ಬಯಲಿನ ಕೊನೆಯ ಮೂಲೆ ಉಳಿದಿದೆ. ಊಟದ ಕರೆ ಕೇಳಿಸಲಿಲ್ಲ.

ಏಪ್ರಿಲ್ 26, ಬುಧವಾರ

ಪ್ರೀತಿಯ ತಮ್ಮ ಮೆರಿಲ್‌ಗೆ,

ಇದನ್ನು ಅಂಚೆಗೆ ಹಾಕುತ್ತೇನೆ. ಈ ಹಾಳೆಯನ್ನು ಮಾತ್ರ ಹರಿದುಕೊಂಡಿದ್ದೇನೆ, ಹಿಂದಿನವು ನಿನಗೆ ಬೇಡ.

ಡಾಟಿ ಕೋಲಿಲ್ಲದೆ ನಡೆಯುತ್ತಾಳೆಯೇ? ಮೆಟ್ಟಿಲ ಬಳಿ ಅವಸರ ಮಾಡಬಾರದೆಂದು ಹೇಳು. ಟಗ್ ಉಣ್ಣುತ್ತಾನೆಯೇ? ನಿನ್ನ ಕಿವಿಯ ಯಂತ್ರ ರಿಪೇರಿ ಮಾಡಿಸಿಕೋ. ನಿನಗೆ ನಿನ್ನ ಮಾತು ಕೇಳಿಸದಿರುವುದು ಒಳ್ಳೆಯದಲ್ಲ, ಆ ವಿಷಯ ಇನ್ನೂ ಮುಗಿದಿಲ್ಲ.

ದೊಡ್ಡ ಹಾಸು ನಿನ್ನೆ ಮುಗಿಯಿತು. ನೀನು ಕೊನೆಗೆ ಕಳಿಸಿದ ಕಂದು ಪಟ್ಟಿಗಳು ರಸ್ತೆಯ ಕೆಸರಿಗೆ ಹೇಳಿಮಾಡಿಸಿದಂತೆ ಕೂತವು. ಅವು ಎಲ್ಲಿಯವು ಎಂದು ಡಾಟಿ ಆಮೇಲೆ ಫೋನಿನಲ್ಲಿ ಹೇಳಿದಳು. ಆದ್ದರಿಂದ ಪ್ರದರ್ಶನಕ್ಕೆ ಬರುವಾಗ ಬೇರೆ ಕೋಟು ಹುಡುಕಿಕೋ, ನಿನ್ನ ಚರ್ಚಿನ ಕೋಟು ಈಗ ರಸ್ತೆಯಾಗಿದೆ.

ಕತ್ತರಿ ನನ್ನ ತಮ್ಮನದು ಎಂದು ಪೆಟ್ರಾಗೆ ಹೇಳಿಬಿಟ್ಟೆ. ಒಂದೇ ಕೈ ಎಂದು ಎಲ್ಲರಿಗೂ ಹೇಳಿಯಾಗಿದೆ, ಗೋಡೆಯ ಚೀಟಿಯಲ್ಲಿ ಒಂದೇ ಹೆಸರಿಗೆ ಜಾಗ ಇದೆ ಎಂದಳು. ದೊಡ್ಡ ಚೀಟಿ ಮಾಡಿಸು ಎಂದೆ. ಬೆಲೆ ಕಡಿಮೆಯಾಗಬಹುದು ಎಂದಳು. ಅರ್ಧ ನಿಮ್ಮದೇ ಅಲ್ಲವೇ, ನಷ್ಟದಲ್ಲೂ ಅರ್ಧ ಹಾಕಿಕೊಳ್ಳಿ ಎಂದೆ. ಅದಕ್ಕೆ ನಕ್ಕಳು. ನಿನ್ನ ಹೆಸರು ಚೀಟಿಯಲ್ಲಿ ಬರುತ್ತದೆ.

ಶಾಲೆಯ ಹೊಸ ಹಜಾರಕ್ಕೆ ಕಾರ್ಖಾನೆಯ ಕಪ್ಪು ರಬ್ಬರಿನ ಚಾಪೆ ಬಂದಿದೆ. ಅದಕ್ಕೆ ದುಡ್ಡು ಕೊಟ್ಟಿದ್ದಾರೆ! ದಿನಾ ಅದನ್ನು ತುಳಿದೇ ಒಳಗೆ ಹೋಗುತ್ತೇನೆ, ಬೂಟು ಚೆನ್ನಾಗಿ ಒರೆಸಿಕೊಂಡು.

ಪ್ರದರ್ಶನ ಮೇ ಆರು, ಶನಿವಾರ. ಬಂದೇ ಬರಬೇಕು. ಹಾಸು ಎತ್ತರದ ಗೋಡೆಯ ಮೇಲಿರುತ್ತದೆ, ಸುಮ್ಮನೆ ನೋಡಬೇಕು, ಮುಟ್ಟಬಾರದು, ಅಲ್ಲಿ ಕೂಗಬಾರದು. ಮಾರಾಟವಾಗದೆ ಉಳಿದರೆ ಮನೆಗೆ ತಂದು ಎಲ್ಲಿ ಹಾಸಬೇಕೆಂದು ಹಾರ್ಲನ್ ಆಗಲೇ ಜಾಗ ಅಳೆದಿದ್ದಾನೆ.

ಇಲ್ಲಿ ಗೋಡೆಯ ಮೊಳೆಗಳನ್ನು ಕಿತ್ತಾಯಿತು. ಅಮ್ಮನ ಹೂವಿನ ಹಾಸು ಒಲೆಯ ಮುಂದೆ ತನ್ನ ಜಾಗದಲ್ಲಿದೆ. ಇವತ್ತು ಬುಧವಾರ, ಬೋರಲು ಹಾಕಿದ್ದೇನೆ. ಹಾರ್ಲನ್ ಅದರ ಬೆನ್ನ ಮೇಲೆ ಎರಡೂ ಪಾದ ಇಟ್ಟು, ದೋಣಿ ಕೊಂಡವನನ್ನು ಬೈಯುತ್ತ ಕೂತಿದ್ದಾನೆ. 'ಕಾಲು ಬೆಚ್ಚಗಿದೆ ಎಂದು ಬರೆ' ಎನ್ನುತ್ತಿದ್ದಾನೆ, ಬರೆದೆ.

ಬೇಸಿಗೆಗೆ ಇನ್ನೊಂದು ಮನಸ್ಸಿನಲ್ಲಿದೆ. ಅದಕ್ಕೆ ನೀಲಿ ಬೇಕು, ತೆಳ್ಳಗೆ. ನಿನ್ನ ಕಣ್ಣಿಗೆ ಅಷ್ಟು ಸಣ್ಣ ಪಟ್ಟಿ ಕಾಣುತ್ತದೆಯೇ? ಸೋಮವಾರದವರೆಗೆ ಕಾಯಿಸಬೇಡ, ಬೇಗ ಬರೆ.

ನಿನ್ನ ಅಕ್ಕ,
ವರ್ನಾ